ಅಕ್ರೋಟು ಚಿಪ್ಪು, ಪಿವಿಸಿ ಪೈಪು ಮತ್ತು ಎಂಟು ವಾಲ್ವ್‌ಗಳು

ಆಯುಧಪೂಜೆ ದಿನ ಕಾರು ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಸ್ಟಾರ್ಟ್ ಮಾಡಿದೆ. ನಿಂಬೆಹಣ್ಣು ಒಡೆಯುವ ಮೊದಲೇ ಗಾಡಿ ಗಡಗಡ ನಡುಗಿತು. ಹಳದಿ ಎಂಜಿನ್ ಲೈಟು ಪಕಪಕ ಮಿನುಗಿತು. ಬೂದುಗುಂಬಳಕಾಯಿ ಹಿಡಿದು ನಿಂತಿದ್ದ ಅಪ್ಪ, "ದೃಷ್ಟಿ ತೆಗೆಯೋಕೆ ಮುಂಚೇನೇ ಯಾಕೋ ಸ್ಟಾರ್ಟ್ ಮಾಡ್ದೆ?" ಎಂದರು. ಕಾಯಿ ಒಡೆದ ಮೇಲೂ ನಡುಕ ನಿಲ್ಲಲಿಲ್ಲ. ಅರ್ಧ ನಿಮಿಷ ಕಳೆದು, ಎಂಜಿನ್ ಸ್ವಲ್ಪ ಬಿಸಿಯಾದ ಮೇಲೆ ನಡುಕ ತಾನಾಗಿಯೇ ನಿಂತಿತು.

ಅದು ಅವತ್ತೇ ಶುರುವಾದ ಕಾಯಿಲೆ ಅಲ್ಲ. ಮೂರು ತಿಂಗಳಿಂದ ಬೆಳಿಗ್ಗೆ ಬೆಳಿಗ್ಗೆ ಹೀಗೇ ಆಗುತ್ತಿತ್ತು. ಪಿಕಪ್ ಕಡಿಮೆಯಾಗಿತ್ತು. ಲೀಟರಿಗೆ 13 ಕೊಡುತ್ತಿದ್ದ ಗಾಡಿ ಹತ್ತೂವರೆಗೆ ಇಳಿದಿತ್ತು. ನಮ್ಮ ಗ್ಯಾರೇಜಿನ ಭಾಯ್ ನಾಲ್ಕೂ ಪ್ಲಗ್ ಬದಲಿಸಿದ್ದರು. ಆಮೇಲೆ ಎರಡನೇ ಸಿಲಿಂಡರಿನ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಬಿಚ್ಚಿ ಮೂರಕ್ಕೆ ಹಾಕಿ, ಮೂರರದ್ದು ಎರಡಕ್ಕೆ ಹಾಕಿ ನೋಡಿದರು. ಕಾಯಿಲ್ ಕೆಟ್ಟಿದ್ದರೆ ಮಿಸ್ಸಿಂಗ್, ಅಂದರೆ ಪೆಟ್ರೋಲು ಸರಿಯಾಗಿ ಹತ್ತಿಕೊಳ್ಳದೆ ತಪ್ಪುವುದು, ಅದರ ಹಿಂದೆಯೇ ಮೂರಕ್ಕೆ ಹೋಗಬೇಕು. ಹೋಗಲಿಲ್ಲ. ನನ್ನ ಬ್ಲೂಟೂತ್ ಸ್ಕ್ಯಾನರ್ ಮತ್ತೆ ಮತ್ತೆ ಪಿ 0302 ಅಂತಲೇ ತೋರಿಸಿತು. ಅಂದರೆ ಎರಡನೇ ಸಿಲಿಂಡರಿನಲ್ಲೇ ಮಿಸ್ಸಿಂಗ್. ಕಂಪ್ರೆಷನ್ ಸರಿ ಇತ್ತು.

"ಇದು ಕರೆಂಟಿಂದಲ್ಲ ಸಾರ್. ವಾಲಲ್ಲಿ ಕಾರ್ಬನ್ ಹಿಡಿದಿದೆ. ಹೆಡ್ ಇಳಿಸಬೇಕು" ಅಂದರು ಭಾಯ್.

ಹೆಡ್ ಇಳಿಸುವುದು ಅಂದರೆ ಎಂಜಿನ್ನಿನ ತಲೆ ತೆಗೆದ ಹಾಗೆ. ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಫೋನ್ ಮಾಡಿದೆ. ಅವರು ಹೆಡ್ ಇಳಿಸದೆ ಅಕ್ರೋಟಿನ ಚಿಪ್ಪಿನ ಪುಡಿ ಹೊಡೆದು ಕ್ಲೀನ್ ಮಾಡುತ್ತಾರಂತೆ. 22 ಸಾವಿರ ಹೇಳಿದರು. ಎರಡು ದಿನ ಗಾಡಿ ಬಿಡಬೇಕು. ಪುಡಿ ಹೊಡೆಯುವುದಕ್ಕೆ 22 ಸಾವಿರವೇ ಅನ್ನಿಸಿತು. ನಾನು ಮೆಕ್ಯಾನಿಕ್ ಅಲ್ಲ. ತಿಪಟೂರಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಲೆಕ್ಕ ಬರೆಯುವವನಿಗೆ ಇಂಥ ಕಡೆಯೇ ಕೈ ತುರಿಸುವುದು.

ಮೊದಲು ಈ ಕಾರ್ಬನ್ ಅಲ್ಲಿಗೆ ಯಾಕೆ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಹಿಂದಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಇನ್‌ಟೇಕ್ ವಾಲ್ವಿನ ಹಿಂದೆ, ಗಾಳಿ ಬರುವ ದಾರಿಯಲ್ಲಿ ಇರುತ್ತಿತ್ತು. ಪೆಟ್ರೋಲು ವಾಲ್ವಿನ ಬೆನ್ನ ಮೇಲೆ ಬಿದ್ದು ಒಳಗೆ ಹೋಗುತ್ತಿತ್ತು. ಹೋಗುವಾಗ ವಾಲ್ವನ್ನು ತೊಳೆದೂ ಹೋಗುತ್ತಿತ್ತು. ನನ್ನದು ಡೈರೆಕ್ಟ್ ಇಂಜೆಕ್ಷನ್. ಇದರಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುತ್ತದೆ. ವಾಲ್ವಿಗೆ ಗಾಳಿ ಮಾತ್ರ ಸಿಗುತ್ತದೆ. ಆ ಗಾಳಿಯೂ ಶುದ್ಧ ಅಲ್ಲ. ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿನಲ್ಲಿ ಏಳುವ ಆಯಿಲ್ ಹಬೆಯನ್ನು ಹೊರಗೆ ಬಿಡುವ ಹಾಗಿಲ್ಲ. ಅದನ್ನು ಮತ್ತೆ ಇನ್‌ಟೇಕಿಗೇ ತಿರುಗಿಸಿರುತ್ತಾರೆ. ಆ ಹಬೆ ಬಿಸಿ ವಾಲ್ವಿನ ಮೇಲೆ ಕೂತು ಬೇಯುತ್ತದೆ. ಒಗ್ಗರಣೆ ಸೌಟಿನ ತಳ ನೋಡಿದ್ದೀರಲ್ವಾ? ಹಾಗೆ. ತಿಕ್ಕುವವರು ಇಲ್ಲದ ಸೌಟು.

ಡೈರೆಕ್ಟ್ ಇಂಜೆಕ್ಷನ್ ಹೊಸದೇನಲ್ಲ. 1954ರ ಮರ್ಸಿಡಿಸ್ 300 ಎಸ್‌ಎಲ್‌ನಲ್ಲೇ ಇತ್ತು. ಕಂಪ್ಯೂಟರಿನ ಹಿಡಿತದ ಈಗಿನ ರೂಪದಲ್ಲಿ ಅದನ್ನು 1996ರಲ್ಲಿ ಮಿತ್ಸುಬಿಷಿಯವರು ಮಾರುಕಟ್ಟೆಗೆ ತಂದರು. ಒಳಗೇ ಚಿಮ್ಮಿದ ಪೆಟ್ರೋಲು ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ. ಅದರಿಂದ ಕಂಪ್ರೆಷನ್ ಜಾಸ್ತಿ ಇಡಬಹುದು, ಕಡಿಮೆ ಪೆಟ್ರೋಲಿಗೆ ಜಾಸ್ತಿ ಶಕ್ತಿ ಸಿಗುತ್ತದೆ. ಅದರ ಬೆಲೆ ಈ ಕಾರ್ಬನ್. ಟೊಯೋಟಾದ ಕೆಲವು ಎಂಜಿನ್‌ಗಳಲ್ಲಿ ಎರಡೂ ಕಡೆ ಇಂಜೆಕ್ಟರು ಇಟ್ಟಿದ್ದಾರೆ. ವಾಲ್ವಿನ ಹಿಂದಿನದ್ದು ಅದನ್ನು ತೊಳೆಯುವ ಕೆಲಸವನ್ನೂ ಮಾಡುತ್ತದೆ. ನನ್ನದರಲ್ಲಿ ಇಲ್ಲ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಎರಡು ತಂದು ಹಾಕಿದ್ದೆ. ಪೆಟ್ರೋಲೇ ಮುಟ್ಟದ ಜಾಗವನ್ನು ಪೆಟ್ರೋಲಿಗೆ ಹಾಕಿದ ಔಷಧಿ ಹೇಗೆ ಮುಟ್ಟೀತು? ಸುರಿದಾದ ಮೇಲೆ ಹೊಳೆಯಿತು.

ಬಿಚ್ಚುವ ಮೊದಲು ಒಂದು ಸಲ ಕಣ್ಣಿಂದ ನೋಡಬೇಕಿತ್ತು. ಫೋನಿಗೆ ಸಿಕ್ಕಿಸುವ ಹಾವಿನಂಥ ಕ್ಯಾಮೆರಾ ಬರುತ್ತಲ್ಲ, ಅದನ್ನು ತರಿಸಿದೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಮೇಲಿದ್ದ, ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಬಿಚ್ಚಿ ಅದರ ತೂತಿನಿಂದ ಕ್ಯಾಮೆರಾ ಇಳಿಬಿಟ್ಟೆ. ಹತ್ತು ನಿಮಿಷ ಬರೀ ಕತ್ತಲು. ಆಮೇಲೆ ಏನೋ ಕಾಣಿಸಿತು. ಅದು ವಾಲ್ವ್ ಅಂತ ಗುರುತು ಹಿಡಿಯಲು ಇನ್ನೂ ಐದು ನಿಮಿಷ. ನಮ್ಮಜ್ಜಿ ಮನೆಯ ಅಡುಗೆಮನೆ ಜಂತಿಯಲ್ಲಿ ಜೋತಾಡುತ್ತಿದ್ದ ಇಲ್ಲಣ ನೆನಪಾಯಿತು. ಅದೇ ಬಣ್ಣ, ಅದೇ ಜಿಡ್ಡು.

ಬಿಚ್ಚುವ ದಿನ ಭಾಯ್ ಅವರನ್ನು ಮನೆಗೇ ಕರೆಸಿಕೊಂಡೆ. ಡೈರೆಕ್ಟ್ ಇಂಜೆಕ್ಷನ್ನಿನ ಪೆಟ್ರೋಲ್ ಲೈನಿನಲ್ಲಿ 100 ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡೂ ಚಿಲ್ಲರೆ ಬಾರ್. ಹಾಗಾಗಿ ಇದೊಂದರಲ್ಲಿ ನನ್ನ ಜಾಣತನ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಹಿಂದಿನ ರಾತ್ರಿ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿಯೇ ಆಫ್ ಆಗುವವರೆಗೆ ಓಡಿಸಿ, ರಾತ್ರಿಯಿಡೀ ತಣ್ಣಗಾಗಲು ಬಿಟ್ಟಿದ್ದೆವು. ಬೆಳಿಗ್ಗೆ ಬ್ಯಾಟರಿ ಬಿಚ್ಚಿದೆವು. ಭಾಯ್ ಲೈನಿನ ನಟ್ಟಿಗೆ ಬಟ್ಟೆ ಸುತ್ತಿ, ಮುಖ ಆ ಕಡೆ ಮಾಡಿ, ಕೂದಲೆಳೆಯಷ್ಟು ಸಡಿಲ ಮಾಡಿದರು. ಒಂದು ಗುಟುಕಿನಷ್ಟು ಪೆಟ್ರೋಲು ಬಟ್ಟೆಗೆ ಇಳಿಯಿತು. ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಮ್ಯಾನಿಫೋಲ್ಡ್ ಹೊರಗೆ ಬಂದಿತ್ತು. ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಮೊಟ್ಟೆ ಟ್ರೇಯಲ್ಲಿ ಜೋಡಿಸಿದೆ. ನಮ್ಮ ಎಂಜಿನ್ನಿನಲ್ಲಿ ಇಂಜೆಕ್ಟರುಗಳು ಹೆಡ್ಡಿನಲ್ಲೇ ಉಳಿಯುತ್ತವೆ. ಅದು ನನ್ನ ಪುಣ್ಯ.

ಭಾಯ್ ಒಂದು ಟೀ ಕುಡಿದು, ವಾಲ್ವಿನ ಕಡೆ ಹೋಗುವ ಎಂಟೂ ತೂತುಗಳನ್ನು ಟಾರ್ಚ್ ಬಿಟ್ಟು ನೋಡಿ, "ಒಳ್ಳೇದಾಗ್ಲಿ ಸಾರ್" ಅಂದು ಹೋದರು. ಆ ಧಾಟಿ ನನಗೆ ಹಿಡಿಸಲಿಲ್ಲ.

ಒಂದು ಸಿಲಿಂಡರಿಗೆ ಎರಡು ಇನ್‌ಟೇಕ್ ವಾಲ್ವ್, ಒಟ್ಟು ಎಂಟು. ಕೆಲಸ ಮಾಡುವಾಗ ಆಯಾ ಸಿಲಿಂಡರಿನ ವಾಲ್ವ್ ಮುಚ್ಚಿರಲೇಬೇಕು. ಒಂದು ಚೂರು ತೆರೆದಿದ್ದರೂ ಕೆರೆದ ಕಸ ಪಿಸ್ಟನ್ ಮೇಲೆ ಬೀಳುತ್ತದೆ. ಒಂದೊಂದು ಸಿಲಿಂಡರಿಗೂ ಕ್ರ್ಯಾಂಕ್ (ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ದಂಡ) ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ ಅಂತ ಎಲ್ಲರೂ ಹೇಳುತ್ತಿದ್ದರು. ನಾನು ಪೇಪರ್ ಮೇಲೆ ಲೆಕ್ಕ ಹಾಕಿದೆ. ಇಂಥ ನಾಲ್ಕು ಸಿಲಿಂಡರಿನ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಒಂದನೇ ಪಿಸ್ಟನ್ ಕಂಪ್ರೆಷನ್ ಮುಗಿಸಿ ತುದಿಗೆ ಬಂದಾಗ, ಎರಡನೆಯದು ಉರಿದು ಕೆಳಗೆ ಇಳಿದಿರುತ್ತದೆ. ಈ ಎರಡೂ ಸಿಲಿಂಡರಿನ ಇನ್‌ಟೇಕ್ ವಾಲ್ವ್‌ಗಳು ಮುಚ್ಚಿರುತ್ತವೆ. ಅಲ್ಲಿಂದ ಕ್ರ್ಯಾಂಕನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಮೂರು ಮತ್ತು ನಾಲ್ಕು ಮುಚ್ಚಿಕೊಳ್ಳುತ್ತವೆ. ಅಂದರೆ ಇಡೀ ಕೆಲಸಕ್ಕೆ ಒಂದೇ ಸುತ್ತು ಸಾಕು. ಈ ಒಂದು ವಿಷಯದಲ್ಲಿ ಲೆಕ್ಕದ ಕೆಲಸ ಉಪಯೋಗಕ್ಕೆ ಬಂತು. ಪ್ಲಗ್ಗುಗಳನ್ನು ತೆಗೆದಿಟ್ಟರೆ ಕ್ರ್ಯಾಂಕ್ ಸಲೀಸಾಗಿ ತಿರುಗುತ್ತದೆ. ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ಟೈಮಿಂಗ್ ಚೈನ್ ಸಡಿಲವಾಗುವ ಭಯ. ಆದರೂ ಪೇಪರನ್ನು ಪೂರ್ತಿ ನಂಬಲಿಲ್ಲ. ತೂತಿಗೆ ಎರಡು ಚಮಚ ಸೀಮೆಎಣ್ಣೆಯಂಥ ಕ್ಲೀನರ್ ಬಿಟ್ಟು ಐದು ನಿಮಿಷ ಕಾದೆ. ಮಟ್ಟ ಇಳಿಯಲಿಲ್ಲ. ಮುಚ್ಚಿದೆ ಅಂತ ಖಾತ್ರಿಯಾಯಿತು.

ಮೊದಲ ಭಾನುವಾರ ಬರೀ ಕೈಯ ಕೆಲಸ. ಸೈಕಲ್ ಚಕ್ರದ ಹಳೇ ಕಡ್ಡಿಗಳ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಬಗ್ಗಿಸಿ, ಕಿವಿ ಗುಗ್ಗೆ ತೆಗೆಯುವ ಕಡ್ಡಿಯ ಹಾಗೆ ಮಾಡಿಕೊಂಡೆ. ಒಂದು ನೇರ, ಒಂದು ಎಡಕ್ಕೆ, ಒಂದು ಬಲಕ್ಕೆ. ಹಳೇ ಟೂತ್‌ಬ್ರಷ್‌ಗಳ ಕುತ್ತಿಗೆಯನ್ನು ಮೇಣದಬತ್ತಿಗೆ ಹಿಡಿದು ಬಗ್ಗಿಸಿದೆ. ಜಿಡ್ಡು ಕರಗಿಸುವ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ನೆನೆಯಲು ಬಿಡುವುದು, ಕೆರೆಯುವುದು, ಕಪ್ಪು ಗಸಿಯನ್ನು ಸಿರಿಂಜಿನಲ್ಲಿ ಎಳೆಯುವುದು, ಬಟ್ಟೆಯಲ್ಲಿ ಒರೆಸುವುದು, ಮತ್ತೆ ಹೊಡೆಯುವುದು. ಬೆಳಿಗ್ಗೆ ಒಂಬತ್ತಕ್ಕೆ ಕೂತವನು ಮಧ್ಯಾಹ್ನ ಎರಡಕ್ಕೆ ಒಂದೇ ವಾಲ್ವ್ ಮುಗಿಸಿದ್ದೆ. ಅದೂ ಕಣ್ಣಿಗೆ ಕಾಣುವ ಮುಂಭಾಗ ಮಾತ್ರ. ವಾಲ್ವಿನ ಕಡ್ಡಿಯ ಹಿಂದಿನ ಸಂದು ಹಾಗೇ ಇತ್ತು.

ಊಟ ಆದ ಮೇಲೆ ಬುದ್ಧಿ ಓಡಿಸಿದೆ. ಬೈಕಿನ ಹಳೇ ಕ್ಲಚ್ ಕೇಬಲ್ಲಿನ ತುದಿಯನ್ನು ಒಂದಿಂಚು ಬಿಚ್ಚಿ ಎಳೆ ಎಳೆ ಮಾಡಿ, ಡ್ರಿಲ್ ಮಷೀನಿಗೆ ಸಿಕ್ಕಿಸಿದೆ. ತಿರುಗಿದರೆ ಕುಂಚದ ಹಾಗೆ ಅರಳುತ್ತಿತ್ತು. ಕಾರ್ಬನ್ ಪುಡಿಪುಡಿಯಾಗಿ ಹಾರಿತು. ಹತ್ತು ನಿಮಿಷ ನನ್ನಷ್ಟು ಜಾಣ ಊರಲ್ಲೇ ಇರಲಿಲ್ಲ. ಡ್ರಿಲ್ ನಿಲ್ಲಿಸಿ ನೋಡಿದರೆ ಕೇಬಲ್ಲಿನ ಒಂದೆಳೆ ಮೋಟಾಗಿತ್ತು.

ಆ ಅರ್ಧ ಇಂಚಿನ ಉಕ್ಕಿನ ಎಳೆ ಒಳಗೆಲ್ಲೋ ಇದೆ. ವಾಲ್ವ್ ಮುಚ್ಚಿರುವುದರಿಂದ ಸಿಲಿಂಡರಿಗೆ ಬಿದ್ದಿಲ್ಲ. ಆದರೆ ವಾಲ್ವ್ ಕೂರುವ ಅಂಚಿನಲ್ಲಿ ಸಿಕ್ಕಿಕೊಂಡು, ನಾಳೆ ವಾಲ್ವ್ ತೆರೆದಾಗ ಜಾರಿದರೆ ಕಥೆ ಮುಗಿಯಿತು. ಮನೆಯಲ್ಲಿದ್ದ ಹಾಳಾದ ಸ್ಪೀಕರ್ ಒಡೆದು ಅದರ ಆಯಸ್ಕಾಂತ ತೆಗೆದೆ. ಅದು ತೂತಿಗೆ ಹಿಡಿಸಲಿಲ್ಲ. ಒಂದು ಸ್ಕ್ರೂಡ್ರೈವರನ್ನು ಅದಕ್ಕೆ ಅಂಟಿಸಿ, ಸ್ಕ್ರೂಡ್ರೈವರಿನ ತುದಿಯನ್ನೇ ಆಯಸ್ಕಾಂತ ಮಾಡಿ ಒಳಗೆ ಆಡಿಸಿದೆ. ಮೂರು ಸಲ ಬರೀ ಕಪ್ಪು ಮಸಿ. ನಾಲ್ಕನೇ ಸಲ ಎಳೆ ಅಂಟಿಕೊಂಡು ಬಂತು. ಮುರಿದ ಕಡೆ ಹೊಂದಿಸಿ, ಉದ್ದ ಅಳೆದು, ಅದೇ ಅಂತ ಖಚಿತ ಮಾಡಿಕೊಂಡೆ. ಆ ಕೇಬಲನ್ನು ಅವತ್ತೇ ಗುಜರಿಗೆ ಹಾಕಿದೆ. ನೀವು ಡ್ರಿಲ್ಲಿಗೆ ಏನಾದರೂ ಸಿಕ್ಕಿಸಲೇಬೇಕು ಅಂದರೆ ಪ್ಲಾಸ್ಟಿಕ್ ಕೇಬಲ್ ಟೈ ಸಿಕ್ಕಿಸಿ. ಮುರಿದರೂ ಮೆತ್ತಗಿರುತ್ತದೆ. ಕೆಲಸ ಮಾತ್ರ ನಿಧಾನ.

ಸಂಜೆ ತೂತುಗಳಿಗೆ ಬಟ್ಟೆಯ ಉಂಡೆ ತುರುಕಿ, ಎಣಿಸಿ, ಎಂಟು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಬಾನೆಟ್ ಮುಚ್ಚಿದೆ. ವಾರವಿಡೀ ಬಸ್ಸಿನಲ್ಲಿ ಓಡಾಡಿದೆ. ಹೆಂಡತಿ ಏನೂ ಹೇಳಲಿಲ್ಲ. ಅದು ಹೇಳಿದ್ದಕ್ಕಿಂತ ಜಾಸ್ತಿ.

ಪುಡಿ ಹೊಡೆಯುವುದೇ ದಾರಿ ಅಂತ ಒಪ್ಪಿಕೊಂಡೆ. ಅಕ್ರೋಟಿನ ಚಿಪ್ಪೇ ಯಾಕೆ ಅಂದರೆ, ಅದು ಕಾರ್ಬನ್ ಒಡೆಯುವಷ್ಟು ಗಟ್ಟಿ, ಆದರೆ ಲೋಹ ಗೀರುವಷ್ಟು ಗಟ್ಟಿ ಅಲ್ಲ. ಒಂದೆರಡು ಕಾಳು ಒಳಗೆ ಉಳಿದರೂ ಉರಿದು ಬೂದಿಯಾಗಿ ಹೋಗುತ್ತದೆ. ಮರಳು ಹಾಗಲ್ಲ. ಒಂದು ಕಾಳು ಉಳಿದರೂ ಸಿಲಿಂಡರಿನ ಗೋಡೆ ಗೀರುತ್ತದೆ.

ಆದರೆ ತಿಪಟೂರಿನಲ್ಲಿ ಹುಟ್ಟಿ, ಚಿಪ್ಪಿಗಾಗಿ ಕಾಶ್ಮೀರದ ಕಡೆ ನೋಡುವುದೇ? ಕೊಬ್ಬರಿ ಊರು ನಮ್ಮದು. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವವರು ನಾವು. ಕೊಬ್ಬರಿ ಒಡೆದ ಮೇಲೆ ಚಿಪ್ಪು ರಾಶಿ ಬೀಳುತ್ತದೆ. ಅದನ್ನು ಸುಟ್ಟು ಇದ್ದಿಲು ಮಾಡಲು ಒಯ್ಯುತ್ತಾರೆ. ನಾಳೆ ಕಾರ್ಬನ್ ಆಗಬೇಕಾದ ಚಿಪ್ಪಿನಿಂದ ಇವತ್ತು ಕಾರ್ಬನ್ ತೆಗೆಯೋಣ ಅಂದುಕೊಂಡೆ. ಯೋಚನೆ ನನಗೇ ಬಹಳ ಚೆನ್ನಾಗಿ ಕಂಡಿತು. ಹಿಟ್ಟಿನ ಗಿರಣಿಯವರು ಚಿಪ್ಪು ನೋಡಿ ಕೈ ಮುಗಿದರು. ಕೊನೆಗೆ ಹಿತ್ತಲಲ್ಲಿದ್ದ ಹಳೇ ಒರಳಿನಲ್ಲಿ ಹಾಕಿ, ಹಾರೆಯ ಹಿಂಬದಿಯಿಂದ ಎರಡು ಸಂಜೆ ಕುಟ್ಟಿದೆ. ರವೆ ಜರಡಿಯಲ್ಲಿ ಜಾಲಿಸಿದೆ. ಎರಡು ಕಿಲೋ ಪುಡಿ ಆಯಿತು. ಕೈಯಲ್ಲಿ ಬೊಬ್ಬೆ ಬಂತು.

ಅದು ಕೆಲಸಕ್ಕೆ ಬರಲಿಲ್ಲ. ಕುಟ್ಟಿದ ಚಿಪ್ಪು ಕಾಳಾಗುವುದಿಲ್ಲ, ಚಕ್ಕೆಯಾಗುತ್ತದೆ. ಹೊರಮೈಯ ನಾರು ಬೇರೆ. ಅರ್ಧ ನಿಮಿಷಕ್ಕೊಮ್ಮೆ ಪುಡಿ ಹೊಡೆಯುವ ಗನ್ನಿನ ಬಾಯಿ ಕಟ್ಟಿಕೊಂಡಿತು. ಸರಿಯಾದ ಯಂತ್ರದಲ್ಲಿ ಅರೆದರೆ ಬೇರೆ ಮಾತು. ಒರಳಿನಲ್ಲಿ ಆಗುವ ಕೆಲಸ ಅಲ್ಲ. ಕೊನೆಗೆ ಐದು ಕಿಲೋ ಅಕ್ರೋಟು ಪುಡಿ ತರಿಸಿದೆ. ಹಿತ್ತಾಳೆ, ಒಡವೆ ಪಾಲಿಷ್ ಮಾಡುವವರಿಗಾಗಿ ಮಾರುತ್ತಾರೆ. 20-40 ಮೆಶ್ ಅಂತ ಕೇಳಬೇಕು. ಅಂದರೆ ಕಾಳು ಸುಮಾರು 0.4ರಿಂದ 0.85 ಮಿಲಿಮೀಟರ್. ಉಪ್ಪಿಟ್ಟಿನ ರವೆ ಅಂದುಕೊಳ್ಳಿ, ಬಣ್ಣ ಮಾತ್ರ ಕಂದು.

ಗನ್ ಮಾಡಿದ್ದು ಹೀಗೆ. ಗ್ಯಾರೇಜಿನವರು ಎಂಜಿನ್ ತೊಳೆಯಲು ಡೀಸೆಲ್ ಚಿಮ್ಮಿಸುವ ವಾಷಿಂಗ್ ಗನ್ ಬರುತ್ತದೆ. ಕೆಳಗಿನ ಪೈಪಿನಿಂದ ದ್ರವವನ್ನು ಎಳೆದು ಗಾಳಿಯ ಜೊತೆ ಎಸೆಯುತ್ತದೆ. ಅದನ್ನೇ ಕೊಂಡು, ಲೇತ್ ಅಂಗಡಿಯಲ್ಲಿ ಅದರ ಬಾಯಿಯನ್ನು ಸ್ವಲ್ಪ ದೊಡ್ಡದಾಗಿ ಕೊರೆಸಿದೆ. ಮುಂದಕ್ಕೆ ಎಸಿ ರಿಪೇರಿಯವರಿಂದ ತಂದ ಗೇಣುದ್ದದ ತಾಮ್ರದ ಪೈಪು ಸಿಕ್ಕಿಸಿ, ತುದಿಯನ್ನು ಮೆಲ್ಲಗೆ ಬಗ್ಗಿಸಿದೆ. ವಾಲ್ವಿನ ಕಡ್ಡಿಯ ಹಿಂದಿನ ಸಂದಿಗೆ ತಗುಲಬೇಕಾದರೆ ಆ ಬಾಗು ಬೇಕು. ಪುಡಿಗೆ ಒಂದು ಲೀಟರಿನ ನೀರಿನ ಬಾಟಲಿ. ಮೊದಲು ಬಾಟಲಿಯನ್ನು ಕೆಳಗೆ ಇಟ್ಟಿದ್ದೆ. ಪುಡಿ ಗೂಡು ಕಟ್ಟಿ ನಿಂತುಬಿಡುತ್ತಿತ್ತು. ತಲೆಕೆಳಗಾಗಿ ಮೇಲೆ ಕಟ್ಟಿ, ಬಾಟಲಿಯ ತಳಕ್ಕೆ ಒಂದು ಗಾಳಿ ತೂತು ಮಾಡಿದ ಮೇಲೆ ಸಲೀಸಾಗಿ ಇಳಿಯಿತು. ಪೇಂಟಿಂಗ್ ಕೆಲಸದವರೊಬ್ಬರ ಕಂಪ್ರೆಸರನ್ನು ಬಾಡಿಗೆಗೆ ತಂದೆ.

ಈಗ ನೋಡಿ, ನಾನು ಇಷ್ಟು ದಿನ ಯೋಚಿಸಿದ್ದೆಲ್ಲ ಹೊಡೆಯುವುದರ ಬಗ್ಗೆ. ಕಡ್ಡಿ, ಕೇಬಲ್, ಗನ್, ಎಲ್ಲ ಹೊಡೆಯುವುದೇ. ಹೊಡೆದ ಮೇಲೆ ಅದು ಹೊರಗೆ ಹೇಗೆ ಬರುತ್ತದೆ ಅನ್ನುವುದಕ್ಕೆ ಸುಮ್ನೆ ಒಂದು ವ್ಯಾಕ್ಯೂಮ್ ಕ್ಲೀನರ್ ಪೈಪು ಪಕ್ಕದಲ್ಲಿ ಹಿಡಿದರೆ ಸಾಕು ಅಂದುಕೊಂಡಿದ್ದೆ. ಒಂದೇ ಸೆಕೆಂಡು ಗನ್ ಒತ್ತಿದೆ. ರವೆಯ ಬಿರುಗಾಳಿ ಎದ್ದಿತು. ಕನ್ನಡಕದ ಒಳಗೆ, ಕಾಲರ್ ಒಳಗೆ, ಬಾಯೊಳಗೆ. ತುಳಸಿಕಟ್ಟೆಯವರೆಗೆ ಪುಡಿ ಹರಡಿತ್ತು. ತೂತಿನ ಒಳಗೆ ನೋಡಿದರೆ ಅರ್ಧ ಪುಡಿ ಅಲ್ಲೇ ಕೂತಿತ್ತು.

ಬೇಕಾಗಿದ್ದದ್ದು ತೂತಿಗೆ ಗಟ್ಟಿಯಾಗಿ ಕೂರುವ ಒಂದು ಮೂತಿ. ಗನ್ನು ಅದರೊಳಗಿಂದ ಹೋಗಬೇಕು, ಪುಡಿ ಅದರೊಳಗಿಂದಲೇ ವಾಪಸ್ ಬರಬೇಕು. ಹೊರಗೆ ಒಂದು ಕಾಳೂ ಬೀಳಬಾರದು. ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳೆಲ್ಲ ಬೇರೆ ಎಂಜಿನ್ನಿನವು. ನಮ್ಮದರ ತೂತು ದುಂಡಗಿಲ್ಲ, ಮೊಟ್ಟೆಯನ್ನು ಒತ್ತಿದ ಹಾಗಿದೆ. ಒಂದು ರಟ್ಟನ್ನು ಅದರ ಮೇಲೆ ಒತ್ತಿ ಹಿಡಿದು, ಅಂಚಿನುದ್ದಕ್ಕೂ ಮಸಿ ಬೆರಳಿನಿಂದ ಉಜ್ಜಿದೆ. ಆಕಾರ ಮೂಡಿತು. ರಟ್ಟು ಹಿಡಿದುಕೊಂಡು ನಮ್ಮ ಬೀದಿಯ ಬಡಗಿ ಆಚಾರ್ರ ಹತ್ತಿರ ಹೋದೆ.

"ಇದೇನ್ ಸ್ವಾಮಿ, ದೇವರ ಪೀಠನಾ?"

"ಇಲ್ಲ ಆಚಾರ್ರೇ, ಕಾರಿಗೆ."

"ಕಾರಿಗೆ ಮರದ್ದು ಯಾಕೆ?"

ಅವರಿಗೆ ಬಿಡಿಸಿ ಹೇಳಲು ಅರ್ಧ ಗಂಟೆ ಆಯಿತು. ಹೇಳಿದ್ದು ಒಳ್ಳೆಯದೇ ಆಯಿತು. ನಾನು ಕೇಳಿದ್ದು ಬರೀ ಆ ಆಕಾರದ ಒಂದು ತುಂಡು. ಅವರು ಮಾಡಿಕೊಟ್ಟಿದ್ದು ತುದಿ ಸಣ್ಣ, ಬುಡ ದಪ್ಪ ಇರುವ ಅಚ್ಚು. "ಪೈಪು ಬಿಸಿಯಾದಾಗ ಒಳಕ್ಕೆ ತಳ್ಳಬೇಕಲ್ವಾ? ಒಂದೇ ದಪ್ಪ ಇದ್ರೆ ಹೋಗಲ್ಲ. ತಣ್ಣಗಾದ್ ಮೇಲೆ ಬರೋದೂ ಇಲ್ಲ" ಅಂದರು. ನನಗೆ ಹೊಳೆದೇ ಇರಲಿಲ್ಲ. ಹೊನ್ನೆ ಮರದ ತುಂಡು, 200 ರೂಪಾಯಿ.

ಎರಡಿಂಚಿನ ಪಿವಿಸಿ ಪೈಪಿನ ತುಂಡನ್ನು ಬಿಸಿ ಮಾಡಬೇಕು. ಬೆಂಕಿಗೆ ಹಿಡಿದರೆ ಸುಟ್ಟು ಕೆಟ್ಟ ಹೊಗೆ ಬರುತ್ತದೆ, ಅದನ್ನು ಕುಡಿಯಬಾರದು. ಪುರಿ ಹುರಿಯುವವರ ಹಾಗೆ ಹಳೇ ಬಾಣಲೆಯಲ್ಲಿ ಮರಳು ಕಾಯಿಸಿ, ಅದರಲ್ಲಿ ಪೈಪಿನ ತುದಿ ಹೂತಿಟ್ಟೆ. ಎರಡು ನಿಮಿಷಕ್ಕೆ ಹಪ್ಪಳದ ಹಿಟ್ಟಿನಷ್ಟು ಮೆತ್ತಗಾಯಿತು. ಅಚ್ಚಿನ ಮೇಲೆ ತಳ್ಳಿ, ಒದ್ದೆ ಬಟ್ಟೆ ಸುತ್ತಿ ತಣಿಸಿದೆ. ಮೂರನೇ ಪ್ರಯತ್ನಕ್ಕೆ ಸರಿಯಾದ ಮೂತಿ ಬಂತು. ಮರಳು ಅಂದೆನಲ್ಲ, ಆ ಮೂತಿಯನ್ನು ಮೂರು ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದೆ. ಎಂಜಿನ್ ಹತ್ತಿರ ತರುವ ಯಾವುದರಲ್ಲೂ ಮರಳಿನ ಕಾಳು ಇರಬಾರದು. ಮೂತಿಯನ್ನು ಮೂರು ಬಾಯಿಯ ಪಿವಿಸಿ ಜೋಡಣೆಗೆ, ಅಂದರೆ ಟೀಗೆ ಜೋಡಿಸಿದೆ. ಟೀಯ ಎದುರಿನ ಬಾಯಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ನಡುವೆ ಸಣ್ಣ ಸೀಳು ಮಾಡಿ ಗನ್ನಿನ ಪೈಪು ತೂರಿಸಿದೆ. ಪಕ್ಕದ ಬಾಯಿಗೆ ವ್ಯಾಕ್ಯೂಮ್. ಮೂತಿಯ ಅಂಚಿಗೂ ಸೈಕಲ್ ಟ್ಯೂಬೇ ವಾಷರ್.

ಎರಡನೇ ಭಾನುವಾರ ಮೊದಲ ಸಲ ಒತ್ತಿದಾಗ ಒಂದು ಕಾಳೂ ಹೊರಗೆ ಬರಲಿಲ್ಲ. ವ್ಯಾಕ್ಯೂಮ್ ಪೈಪಿನಲ್ಲಿ ಸರಸರ ಮಳೆ ಬಿದ್ದ ಸದ್ದು. ಆ ಸದ್ದು ಕೇಳಿದಾಗ ಆದ ಖುಷಿ ಕಾರು ಕೊಂಡ ದಿನವೂ ಆಗಿರಲಿಲ್ಲ. ಅದೇ ಖುಷಿಯಲ್ಲಿ ಟೀ ಮೇಲೆ ಕೈ ಇಟ್ಟೆ. ಚಟ್ ಅಂತ ಶಾಕ್ ಹೊಡೆಯಿತು. ಒಣ ಪುಡಿ ಪ್ಲಾಸ್ಟಿಕ್ಕಿನೊಳಗೆ ಜೋರಾಗಿ ಉಜ್ಜಿ ಹೋಗುವಾಗ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಪೆಟ್ರೋಲ್ ಲೈನ್ ಬಿಚ್ಚಿಟ್ಟ ಜಾಗದಲ್ಲಿ ಕಿಡಿ! ಅಲ್ಲೇ ನಿಲ್ಲಿಸಿದೆ. ಟೀಯ ಸುತ್ತ ಬರಿ ತಾಮ್ರದ ತಂತಿ ಸುತ್ತಿ, ಎಂಜಿನ್ನಿನ ಲೋಹಕ್ಕೆ ಬಿಗಿದೆ. ಲೈನಿನ ಬಾಯಿಗಳೆಲ್ಲ ಮುಚ್ಚಿವೆಯೇ, ಪೆಟ್ರೋಲ್ ವಾಸನೆ ಇದೆಯೇ ಅಂತ ಮತ್ತೆ ನೋಡಿದೆ. ಕ್ಲೀನರ್ ಹೊಡೆದು ಒದ್ದೆ ಮಾಡಿದ್ದನ್ನು ವ್ಯಾಕ್ಯೂಮಿನಲ್ಲಿ ಎಳೆಯಲೂಬಾರದು. ಅದರ ಮೋಟರಿನ ಕಿಡಿಗೆ ಆವಿ ಹತ್ತಿಕೊಳ್ಳಬಹುದು. ಒದ್ದೆ ಕೆಲಸಕ್ಕೆ ಸಿರಿಂಜು, ಬಟ್ಟೆ. ಒಣ ಕೆಲಸಕ್ಕೆ ಮಾತ್ರ ವ್ಯಾಕ್ಯೂಮ್.

ಆಮೇಲೆ ಎಲ್ಲ ಒಂದು ಲಯಕ್ಕೆ ಬಂತು. ಇಪ್ಪತ್ತು ಸೆಕೆಂಡು ಹೊಡೆಯುವುದು. ಅಷ್ಟರಲ್ಲಿ ಕಂಪ್ರೆಸರ್ ಟ್ಯಾಂಕ್ ಖಾಲಿ. ಅದು ತುಂಬುವವರೆಗೆ ಕ್ಯಾಮೆರಾ ಬಿಟ್ಟು ನೋಡುವುದು. ಮಧ್ಯಾಹ್ನದ ನಂತರ ಪುಡಿ ಮುದ್ದೆಯಾಗತೊಡಗಿತು. ಕಂಪ್ರೆಸರಿನಲ್ಲಿ ನೀರು ಕೂತಿತ್ತು. ಟ್ಯಾಂಕಿನ ಕೆಳಗಿನ ನಲ್ಲಿ ಬಿಟ್ಟು ನೀರು ಹರಿಸಿ, ಪುಡಿಯನ್ನು ಹೆಂಡತಿಯ ಹಪ್ಪಳದ ಪ್ಲಾಸ್ಟಿಕ್ ಹಾಳೆಯ ಮೇಲೆ ತಾರಸಿಯಲ್ಲಿ ಒಣಗಿಸಿದೆ. ಅದಕ್ಕೆ ಅನುಮತಿ ಕೇಳಿರಲಿಲ್ಲ.

ಒಂದು ಸಿಲಿಂಡರಿನ ಜೋಡಿಗೆ ಸುಮಾರು ನಲವತ್ತು ನಿಮಿಷ ಹಿಡಿಯಿತು. ಹಿಂದಿನ ವಾರ ಐದು ಗಂಟೆ ಕೆರೆದೂ ಬಿಡದಿದ್ದ ಸಂದು ಎರಡೇ ಸಲಕ್ಕೆ ಬೂದು ಬಣ್ಣಕ್ಕೆ ತಿರುಗಿತು. ಎರಡನೇ ಸಿಲಿಂಡರಿನ ಒಂದು ವಾಲ್ವಿನಲ್ಲಿ ಕಾರ್ಬನ್ನು ಮೂರ್ನಾಲ್ಕು ಮಿಲಿಮೀಟರ್ ದಪ್ಪ ಇತ್ತು, ಒಂದೇ ಕಡೆ ಗಂಟು ಕಟ್ಟಿತ್ತು. ಮಿಸ್ಸಿಂಗ್ ಅಲ್ಲಿಂದಲೇ ಬರುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಅದು ಮಾತ್ರ ಪೂರ್ತಿ ಬಿಡಲಿಲ್ಲ. ಮೂರು ಸಲ ಹೊಡೆದು, ಉಳಿದದ್ದನ್ನು ಕ್ಲೀನರಿನಲ್ಲಿ ನೆನೆಸಿ, ಸೈಕಲ್ ಕಡ್ಡಿಯಲ್ಲೇ ಕೆರೆದೆ. ಮೊದಲ ವಾರದ ಹತಾರ ಪೂರ್ತಿ ವ್ಯರ್ಥ ಆಗಲಿಲ್ಲ.

ಕ್ರ್ಯಾಂಕ್ ತಿರುಗಿಸುವ ಮೊದಲು ಒಂದು ಗಂಟೆ ಬರೀ ಎಳೆಯುವುದೇ. ವ್ಯಾಕ್ಯೂಮಿಗೆ ಸಣ್ಣ ಪೈಪು ಸಿಕ್ಕಿಸಿ ಮೂಲೆಮೂಲೆ ಎಳೆದೆ, ಮೆಲ್ಲಗೆ ಗಾಳಿ ಬಿಟ್ಟು ಎಬ್ಬಿಸಿ ಮತ್ತೆ ಎಳೆದೆ, ಕ್ಯಾಮೆರಾದಲ್ಲಿ ನೋಡಿದೆ. ವಾಲ್ವಿನ ಅಂಚಿನಲ್ಲಿ ಕಾಳು ಇರುವಾಗ ತಿರುಗಿಸಿದರೆ ವಾಲ್ವ್ ತೆರೆದು ಎಲ್ಲ ಒಳಗೆ ಬೀಳುತ್ತದೆ. ಎಲ್ಲ ನೋಡಿ ಆದ ಮೇಲೆ ಆ ಒಂದು ಸುತ್ತು ತಿರುಗಿಸಿದೆ. ಮೂರು ಮತ್ತು ನಾಲ್ಕು ಕತ್ತಲಾಗುವ ಹೊತ್ತಿಗೆ ಮುಗಿದವು. ಬಟ್ಟೆಯ ಉಂಡೆ ಎಣಿಸಿದೆ. ಎಂಟು.

ಮಾರನೇ ಸಂಜೆ ಭಾಯ್ ಬಂದು ಜೋಡಿಸಿದರು. ಮ್ಯಾನಿಫೋಲ್ಡಿಗೆ ಹೊಸ ಗ್ಯಾಸ್ಕೆಟ್ ತಂದಿದ್ದೆ. ಕ್ರ್ಯಾಂಕ್‌ಕೇಸ್ ಹಬೆಯ ಪಿಸಿವಿ ವಾಲ್ವಿನ ರಬ್ಬರು ಹರಿದಿತ್ತು, ಅದನ್ನೂ ಬದಲಿಸಿದೆವು. ಮ್ಯಾನಿಫೋಲ್ಡಿನ ಬೋಲ್ಟುಗಳು ಸಣ್ಣವು, ಅಲ್ಯೂಮಿನಿಯಂ ಹೆಡ್ಡಿಗೆ ಹೋಗುವಂಥವು. ಭಾಯ್ ಟಾರ್ಕ್ ರೆಂಚಿನಲ್ಲಿ ನಡುವಿನಿಂದ ಹೊರಕ್ಕೆ ಬಿಗಿಯುತ್ತಾ ಹೋದರು. ಪಂಪಿನ ಫ್ಯೂಸ್ ಹಾಕಿ, ಕೀ ಎರಡು ಮೂರು ಸಲ ಆನ್ ಆಫ್ ಮಾಡಿ, ಲೈನಿಗೆ ಪೆಟ್ರೋಲು ತುಂಬಿಸಿದೆವು. ಸ್ಟಾರ್ಟ್ ಮಾಡಿದೆ. ನಾಲ್ಕು ಸೆಕೆಂಡು ಕೆಮ್ಮಿತು. ನನ್ನ ಜೀವ ಬಾಯಿಗೆ ಬಂತು. ಆಮೇಲೆ ಸದ್ದು ನೆಟ್ಟಗಾಯಿತು. ಹೊಗೆ ಕೊಳವೆಯಿಂದ ಸುಟ್ಟ ಕಡಲೆಕಾಯಿ ಸಿಪ್ಪೆಯಂಥ ವಾಸನೆ ಐದು ನಿಮಿಷ ಬಂದು ನಿಂತಿತು. ಅಡಗಿ ಕೂತಿದ್ದ ಒಂದಿಷ್ಟು ಪುಡಿ ಅಲ್ಲಿಗೆ ಮುಗಿಯಿತು.

ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಆರೂವರೆಗೆ ಸ್ಟಾರ್ಟ್ ಮಾಡಿದೆ. ನಡುಕ ಇಲ್ಲ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದ ಕಾಫಿ ಲೋಟದಲ್ಲಿ ಅಲೆ ಇಲ್ಲ. ಸ್ಕ್ಯಾನರಿನಲ್ಲಿ ನಾಲ್ಕೂ ಸಿಲಿಂಡರಿಗೆ ಮಿಸ್ಸಿಂಗ್ ಸೊನ್ನೆ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಲೀಟರಿಗೆ 12.8 ಬಂದಿತ್ತು. 13 ಬರಲಿಲ್ಲ. ನನಗೂ ಮೊದಲಿನ ಪಿಕಪ್ ಇಲ್ಲ, ಗಾಡಿಗೆ ಯಾಕೆ ಇರಬೇಕು.

ಖರ್ಚು ಬರೆದಿಟ್ಟಿದ್ದೇನೆ. ಪುಡಿ, ಗನ್, ಲೇತ್, ಪಿವಿಸಿ, ಅಚ್ಚು, ಕ್ಯಾಮೆರಾ, ಕಂಪ್ರೆಸರ್ ಬಾಡಿಗೆ, ಗ್ಯಾಸ್ಕೆಟ್, ಪಿಸಿವಿ, ಭಾಯ್ ಕೂಲಿ ಎಲ್ಲ ಸೇರಿ 9,400 ರೂಪಾಯಿ. ಎರಡು ವಾರದ ಬಸ್ ಚಾರ್ಜು ಸೇರಿಸಿಲ್ಲ. ಹೊಸ ಹಪ್ಪಳದ ಹಾಳೆಯನ್ನೂ ಸೇರಿಸಿಲ್ಲ. ನನ್ನ ಎರಡು ಭಾನುವಾರಕ್ಕೆ ಬೆಲೆ ಕಟ್ಟಿದರೆ ಬೆಂಗಳೂರಿನವರು ಹೇಳಿದ 22 ಸಾವಿರ ಜಾಸ್ತಿ ಏನಲ್ಲ ಅಂತ ಈಗ ಅನ್ನಿಸುತ್ತದೆ. ಆಯಿಲ್ ಹಬೆ ಈಗಲೂ ಅದೇ ದಾರಿಯಲ್ಲಿ ಬರುತ್ತಿದೆ. ಕಾರ್ಬನ್ ಮತ್ತೆ ಕೂರುತ್ತದೆ. ಮೂತಿಯನ್ನು ಜೋಪಾನವಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ.

ಇಟ್ಟಿದ್ದೆ ಅಂದೆ, ಯಾಕೆಂದರೆ ಈಗ ಅಲ್ಲಿಲ್ಲ. ಹೋದ ತಿಂಗಳು ಭಾಯ್ ಬಂದು, "ಸಾರ್, ಆ ಪೈಪ್ ಸೆಟ್ ಎರಡು ದಿನ ಕೊಡ್ತೀರಾ? ಒಂದು ಗಾಡಿ ಬಂದಿದೆ, ಸೇಮ್ ಕಂಪ್ಲೇಂಟು" ಅಂದರು. ಕೊಟ್ಟೆ. ಮರುದಿನವೇ ವಾಪಸ್ ತಂದರು. ಆ ಗಾಡಿಯ ತೂತು ದುಂಡಗಿದೆಯಂತೆ, ಮೂತಿ ಕೂರಲಿಲ್ಲವಂತೆ. ರಟ್ಟಿನ ಮೇಲೆ ಮಸಿಯಲ್ಲಿ ಉಜ್ಜಿದ ಆಕಾರ ಅವರ ಕೈಯಲ್ಲಿತ್ತು. ಇಬ್ಬರೂ ಆಚಾರ್ರ ಹತ್ತಿರ ಹೋದೆವು. ಅವರು ರಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಹಳೇ ಮೂತಿಯನ್ನೂ ಅಳತೆಗೆ ಬೇಕು ಅಂತ ತಮ್ಮ ಹತ್ತಿರವೇ ಇಟ್ಟುಕೊಂಡರು. ಈ ಅಚ್ಚಿಗೆ 250 ಅಂತೆ. ದುಂಡಗಿನದ್ದು ಸುಲಭ ಅಲ್ವಾ, ಯಾಕೆ ಜಾಸ್ತಿ ಅಂದರೆ, ಹೋದ ಸಲದ್ದು ಪರಿಚಯದ ರೇಟು ಅಂದರು.